ಅರದ ಪುಡಿ

ಚಿನ್ನದ ಕೆಲಸದಲ್ಲಿ, ಕೂತ ಜಾಗವನ್ನು ಪದೇ ಪದೇ ಗುಡಿಸುವವನನ್ನು ಯಾರೂ ನಂಬುವುದಿಲ್ಲ. ತ್ರಿಶೂರಿನ ನಮ್ಮ ಕಾರ್ಖಾನೆಯಲ್ಲಿ ಗುಡಿಸುವುದು ಸಂಜೆ ಆರಕ್ಕೆ, ಒಂದೇ ಸಲ, ಮಾಲೀಕರಾದ ಮುದಲಾಳಿಯ ಕಣ್ಣೆದುರಿಗೆ. ಪುಡಿ ಬೀಳಲೆಂದು ಮೇಜಿನಡಿ ಕಟ್ಟಿದ ಚರ್ಮ ಕೊಡವಿ, ಅರದಿಂದ ಉಜ್ಜುವಾಗ ಉದುರಿದ ಚಿನ್ನವನ್ನು ಅವರವರ ಹೆಸರಿನ ಡಬ್ಬಿಗೆ ತುಂಬಬೇಕು. ಕೈ ತೊಳೆದ ನೀರನ್ನೂ ಚೆಲ್ಲುವಂತಿಲ್ಲ.

ಹೊಸಬ ಸಜೀವನ್ ಗಂಟೆಗೊಮ್ಮೆ ಕೆಲಸ ನಿಲ್ಲಿಸುತ್ತಿದ್ದ. ಅರಗಳನ್ನು ಸಾಲಾಗಿ ಜೋಡಿಸಿ, ಪುಟ್ಟ ಬ್ರಷ್ಷಿನಿಂದ ಮೇಜು, ಬೆರಳ ಸಂದು ಎಲ್ಲ ಉಜ್ಜಿ, ಪುಡಿಯನ್ನು ಡಬ್ಬಿಗೆ ಹಾಕಿ, ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದ. ಆಮೇಲೆ ಈಗಷ್ಟೇ ನಿದ್ದೆಯಿಂದ ಎದ್ದವನಂತೆ ಮತ್ತೆ ಕೆಲಸ.

“ಏನೋ ಇದು, ಮದುವೆ ಮನೆ ಅಂಗಳಾನಾ?” ಅಂದಳು ಪಕ್ಕದ ತಂಗಮಣಿ.

“ಬೆನ್ನು, ಕಣ್ಣು ಹಗುರ ಆಗುತ್ತೆ ಚೇಚಿ. ನೀವೂ ಮಾಡಿ ನೋಡಿ.”

“ಬೆನ್ನಷ್ಟೇ ಹಗುರ ಆಗುತ್ತೋ, ಡಬ್ಬೀನೂ ಆಗುತ್ತೋ?”

ಅವನು ನಕ್ಕ. ಅದೇ ಸಾಲಿನ ಮೂರನೆಯವಳಾದ ನನಗೆ ನಗು ಬರಲಿಲ್ಲ. ಒಂದು ಮೇಜಿನಲ್ಲಿ ಕಳವಾದರೆ ಆ ಸಾಲಿನ ಮೂವರನ್ನೂ ಮನೆಗೆ ಕಳಿಸುವುದು ಇಲ್ಲಿನ ರೂಢಿ. ನನಗೆ ಇಬ್ಬರು ಮಕ್ಕಳು. ಒಂಬತ್ತು ವರ್ಷದಿಂದ ಈ ಸ್ಟೂಲೇ ಅವರ ಅನ್ನ. ನಾಲ್ಕು ದಿನ ಅವನ ಕೈಯನ್ನೇ ನೋಡಿದೆ. ಪುಡಿ ಅಡಗಿಸಲು ಬ್ರಷ್ಷು ತಲೆಗೂದಲಿಗೆ ಹೋಗುತ್ತದೆಯೇ? ಊಟದ ಚೀಲಕ್ಕೆ? ಏನೂ ಕಾಣಲಿಲ್ಲ. ಕಾಣದ್ದರಿಂದಲೇ ಅನುಮಾನ ಬಲಿಯಿತು. ಐದನೆಯ ದಿನ ಮುದಲಾಳಿಗೆ ಹೇಳಿಬಿಟ್ಟೆ.

ವರೀದ್ ಮುದಲಾಳಿ ಮರುದಿನ ಮೂವರಿಗೂ ಒಂದೇ ಬಗೆಯ, ಒಂದೇ ತೂಕದ ಸರ ಕೊಟ್ಟರು. ಸಂಜೆ ಸರವನ್ನೂ ಪುಡಿಯನ್ನೂ ಸೇರಿಸಿ ತೂಗಿದರು.

ತಂಗಮಣಿಯದು ಎಂದಿನಂತೆ ಚೂರು ಕಡಿಮೆ. ನನ್ನದೂ ಅಷ್ಟೇ. ಹಾರಿಹೋಯಿತೆಂದು ಇಷ್ಟು ವರ್ಷ ಮುದಲಾಳಿಯೇ ಬಿಟ್ಟುಕೊಟ್ಟ ಚೂರು ಅದು.

ಸಜೀವನ್‌ನದು ಹೆಚ್ಚುಕಡಿಮೆ ಪೂರ್ತಿ ಇತ್ತು.

ಮುದಲಾಳಿ ಕನ್ನಡಕ ತೆಗೆದರು. “ಅದೇ ಫ್ಯಾನು, ಅದೇ ಗಾಳಿ. ಅವನದ್ದು ಹಾರಲಿಲ್ಲ ಲತಿಕಾ. ನಿಮ್ಮಿಬ್ಬರದ್ದು ಇಷ್ಟು ವರ್ಷ ಎಲ್ಲಿಗೆ ಹಾರ್ತಿತ್ತು?”

“ನೆಲಕ್ಕೆ ಬಿದ್ದಿರುತ್ತೆ, ಬಟ್ಟೆಗೆ ಅಂಟಿರುತ್ತೆ...”

“ನೆಲದ ಕಸ ನಾನೇ ಸೋಸ್ತೀನಿ.”

ನನ್ನ ಮಾತು ನನಗೇ ಕಳ್ಳಿಯ ಮಾತಿನಂತೆ ಕೇಳಿಸಿತು.

“ನಾಳೆಯಿಂದ ನೀವೂ ಗಂಟೆಗೊಂದ್ಸಲ ಗುಡಿಸಿ,” ಅಂದರು. “ತೂಕ ಕಡಿಮೆ ಬಂದ್ರೆ ಯಾಕೆ ಅಂತ ಕೇಳ್ತೀನಿ. ಪೂರ್ತಿ ಬಂದ್ರೆ, ಮೊದಲು ಯಾಕೆ ಬರ್ತಿರಲಿಲ್ಲ ಅಂತ ಕೇಳ್ತೀನಿ.”

ಸಜೀವನ್ ತಲೆ ತಗ್ಗಿಸಿ ಅರಗಳನ್ನು ಜೋಡಿಸತೊಡಗಿದ. ತಂಗಮಣಿ ನನ್ನ ತುರುಬನ್ನೇ ನೋಡುತ್ತಿದ್ದಳು. ನಾನು ಅವಳದನ್ನು.