ಟೀಚರಮ್ಮನ ಹಲ್ಲು

"ಬಾಯಿ ಮುಚ್ಚಿ, ಮೆಲ್ಲಗೆ ಕಚ್ಚಿ ಟೀಚರ್," ಎಂದ ಹಲ್ಲಿನ ಸೆಟ್ಟು ಮಾಡುವವನು. ಮೂವತ್ತು ವರ್ಷದ ಹಿಂದೆ ಬಾಯಿ ಮುಚ್ಚು ಎಂದು ಅವನನ್ನು ಗದರುತ್ತಿದ್ದವರು ಇದೇ ಟೀಚರಮ್ಮ. ಈಗ ಮೇಣದ ಅಚ್ಚು ಕಚ್ಚಿಕೊಂಡು ಕಣ್ಣಲ್ಲೇ ನಕ್ಕರು.

ಸೈನ್ಯ ಊರಿಗೆ ನುಗ್ಗಿದ ಬೆಳಿಗ್ಗೆ ಮನೆ ಬಿಡಲು ಕೊಟ್ಟಿದ್ದು ಅರ್ಧ ಗಂಟೆ. ಟೀಚರಮ್ಮ ಹೊದಿಕೆ, ಔಷಧಿ ಎತ್ತಿಕೊಂಡು ತಂಗಿಯ ಕೈ ಹಿಡಿದು ಹೊರಟರು. ಲೋಟದಲ್ಲಿದ್ದ ಹಲ್ಲು ಅಲ್ಲೇ ಉಳಿಯಿತು. ಶಿಬಿರದಲ್ಲಿ ಏಳು ತಿಂಗಳು ಗಂಜಿ ಕುಡಿದರು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು. ಕದನವಿರಾಮವಾಗಿ ಮರಳಿದಾಗ ಮನೆಗೆ ಗೋಡೆಗಳಿದ್ದವು, ಸೂರಿರಲಿಲ್ಲ.

ಸೋಮವಾರ ಶಾಲೆ ಶುರುವಾಗಲಿತ್ತು. ಇದ್ದ ಇಬ್ಬರು ಮೇಷ್ಟ್ರಲ್ಲಿ ಒಬ್ಬರು ಗಡಿ ದಾಟಿ ಹೋಗಿದ್ದರು. ಇನ್ನೊಬ್ಬರು ನೀರಿಗೆ ಸಾಲಲ್ಲಿ ನಿಂತಿದ್ದಾಗ ಶೆಲ್ ಬಿದ್ದು ಸತ್ತಿದ್ದರು. ನಿವೃತ್ತರಾಗಿದ್ದ ಟೀಚರಮ್ಮನಿಗೇ ಬುಲಾವ್ ಬಂದಿತ್ತು. ಅವರು ಒಲ್ಲೆ ಎಂದಿದ್ದರು.

"ಉಚ್ಚಾರ ತಿದ್ದಬೇಕಾದವಳೇ ತೊದಲಿದ್ರೆ ಮಕ್ಕಳು ನಗಲ್ವೇನೋ?" ಮೇಣ ತೆಗೆದ ಮೇಲೆ ಅವರೆಂದರು.

"ಭಾನುವಾರ ಸೆಟ್ಟು ಕೈಗೆ ಕೊಡ್ತೀನಿ. ಆಮೇಲೆ ಈ ನೆಪ ನಡೆಯಲ್ಲ." ಅವನು ಮಾದರಿ ಹಲ್ಲುಗಳ ಪಟ್ಟಿ ಹಿಡಿದ. "ಬೆಳ್ಳಗಿರೋದು ಹಾಕ್ಲಾ?"

"ಬೇಡ ಕಣೋ. ಹರೆಯದವಳು ಅಂದ್ಕೊಂಡು ಯಾರಾದ್ರೂ ಹೆಣ್ಣು ಕೇಳೋಕೆ ಬಂದುಬಿಟ್ಟಾರು!"

ಪಕ್ಕದಲ್ಲಿದ್ದ ತಂಗಿ ಗೊಳ್ಳೆಂದು ನಕ್ಕಳು. ಟೀಚರಮ್ಮನೂ ನಕ್ಕರು, ಬಾಯಿಗೆ ಕೈ ಹಿಡಿಯುವುದನ್ನೇ ಮರೆತು.

ಸೋಮವಾರ ಅವನು ಸಣ್ಣ ಅರ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದ. ಹೊಸ ಸೆಟ್ಟು ವಸಡಿಗೆ ಒತ್ತಿದರೆ ಅಲ್ಲೇ ಉಜ್ಜಿಕೊಟ್ಟರಾಯಿತು ಎಂದುಕೊಂಡಿದ್ದ. ಉಳಿದಿದ್ದ ಎರಡು ಕೋಣೆಗಳಲ್ಲಿ ಒಂದರಿಂದ ಟೀಚರಮ್ಮನ ದನಿ ಕೇಳಿಸಿತು. ಹಳೆಯ ಹಾಜರಿ ಪುಸ್ತಕ ಓದುತ್ತಿದ್ದರು. ಒಂದೊಂದು ಅಕ್ಷರವೂ ಸ್ಪಷ್ಟ. ಅವನು ಕಿಟಕಿಯ ಬಳಿಯೇ ನಿಂತ.

ಕೆಲವರು "ಹಾಜರ್" ಎಂದರು. ಕೆಲವರ ಪರವಾಗಿ ಬೇರೆಯವರು, "ಮಾವನ ಊರಲ್ಲಿದಾನೆ ಮಿಸ್," "ಮುಂದಿನ ವಾರ ಬರ್ತಾಳಂತೆ," ಎಂದರು. ಎರಡು ಹೆಸರುಗಳಿಗೆ ಯಾರೂ ಏನೂ ಹೇಳಲಿಲ್ಲ. ಟೀಚರಮ್ಮ ಎರಡು ಸಲವೂ ಕಾದರು, ಹೆಸರು ಹೊಡೆದುಹಾಕಲಿಲ್ಲ, ಮುಂದಿನದನ್ನು ಕರೆದರು.

"ನಾನೂ ಬಂದೆ ಮಿಸ್!" ಬಾಗಿಲಲ್ಲಿ ಏದುಸಿರು ಬಿಡುತ್ತ ಒಬ್ಬಳು ನಿಂತಿದ್ದಳು, ಕಾಲಿಗೆ ಅಣ್ಣನ ದೊಡ್ಡ ಬೂಟು.

"ಲೇಟು. ಕೂತ್ಕೋ."

ಮುಂದಿನ ಬೆಂಚಿನ ಮೂವರೂ ಒಬ್ಬರನ್ನೊಬ್ಬರು ತಳ್ಳುತ್ತ ಸರಿದು ಜಾಗ ಮಾಡಿದರು.