ಎರಡು ಬೆರಳು ಮರ

ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿದೆ, ಬಿಸಿಲಿಗಿಟ್ಟ ಬಟ್ಟಲು ಕಾದಿರಬೇಕು, ಇನ್ನು ಬೆರಳು ಅದ್ದಬಹುದು, ಒಂದೇ ತೊಟ್ಟು ಕಣೇ ಅಂಜಿನಿ, ಮರ ಕುಡಿಯೋವಷ್ಟೇ ಕೊಡು, ಅಪ್ಪನ ಮಾತು, ಅಪ್ಪ ಹೋಗಿ ಎರಡು ದೀಪಾವಳಿ ಕಳೆದರೂ ಕೋವಿ ಮಡಿಲಿಗೆ ಬಂದ ಕೂಡಲೇ ಆ ದನಿ ಬಂದು ಪಕ್ಕದಲ್ಲಿ ಕೂರುತ್ತದೆ — ಎಣ್ಣೆ ಹಚ್ಚಿ, ಅಂಗೈ ಸುಡುವವರೆಗೆ ಉಜ್ಜಿ, ಮಿಕ್ಕಿದ್ದನ್ನು ಹಳೇ ಪಂಚೆಯ ಚೂರಿನಿಂದ ಒರೆಸಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಮತ್ತೆ ಮೊದಲಿಂದ. ನಳಿಗೆ ಬಿಚ್ಚಿ ಗೋಣಿಯ ಮೇಲೆ ಮಲಗಿಸಿದ್ದೇನೆ, ತೊಡೆಯ ಮೇಲಿರುವುದು ಹಿಡಿ, ಹೆಗಲಿಗೆ ಒರಗುವ ಮರದ ಭಾಗ, ಅದರ ತುದಿಯಲ್ಲಿ ಆ ಗೆರೆ. ನೋಡಬಾರದು, ನೋಡದೆ ಉಜ್ಜಬೇಕು. ನಾಳೆ ಬೆಳಗಿನ ಬಸ್ಸಿಗೆ ತಮ್ಮ ಇದನ್ನು ಲಕ್ಕವಳ್ಳಿಗೆ ಒಯ್ಯುತ್ತಾನೆ, ಡ್ಯಾಮಿನ ಕೆಲಸದ ಚಿಕ್ಕಬೀರಪ್ಪ, ಪಟಾಕಿಗೆ ಕಿವಿ ಮುಚ್ಚಿಕೊಳ್ಳುವವನು, ಕ್ವಾರ್ಟರ್ಸಿನ ಗೋಡೆಗೆ ತೂಗುಹಾಕುತ್ತಾನಂತೆ, ಟೇಪ್ ರೆಕಾರ್ಡರಿನ ಮೇಲ್ಗಡೆ, ಇಂಜಿನಿಯರ್ ಸಾಹೇಬರು ಕಾಫಿಗೆ ಬಂದಾಗ ಎದ್ದು ಕಾಣಬೇಕಂತೆ. ಹೊಲ ಬೇರೆಯವರಿಗೆ ವಾರಕ್ಕೆ ಕೊಟ್ಟಾಯಿತು, ನೀನೂ ಬಂದ್ಬಿಡಕ್ಕ, ಮಕ್ಕಳನ್ನ ನೋಡ್ಕೊಂಡು ಇರಬೌದು, ಕೋವಿ ಗೋಡೆಗೆ, ನಾನು ಒಲೆಯ ಮುಂದಕ್ಕೆ, ಒಂದೇ ಬಸ್ಸಿನಲ್ಲಿ. ಜಾಯಿಂಟು ಕಾಣಬಾರದು ಕಣಕ್ಕ, ನಿನ್ನ ಕೈಲೇ ಆಗೋದು. ಹೊಗಳಿಕೆ ಬೇರೆ. ತಾನೇ ತೆಂಗಿನೆಣ್ಣೆ ಬಳಿದು ಬಳಿದು ಅಂಟು ಮಾಡಿ ತಂದಿದ್ದ, ಒಣಗ್ತಾನೇ ಇಲ್ಲ ಕಣಕ್ಕ, ಒಣಗುತ್ತದೆಯೇ, ಅದು ತಲೆಗೆ ಹಚ್ಚುವುದು, ಮರಕ್ಕಲ್ಲ, ಎಣ್ಣೆ ಎಣ್ಣೇನೇ ಅಲ್ವೇನಕ್ಕ ಅಂದ, ಹಾಗಾದ್ರೆ ಸೀಮೆಎಣ್ಣೇಲಿ ಒಗ್ಗರಣೆ ಹಾಕಿಸ್ಕೊಂಡು ತಿನ್ನು ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ, ಇನ್ನು ಅವನ ಮನೆಯ ಅನ್ನ ತಿನ್ನಬೇಕಾದವಳು. ತೌಡು ಹಾಕಿ ತಿಕ್ಕಿ ಆ ಜಿಡ್ಡು ತೆಗೆಯುವಷ್ಟರಲ್ಲಿ ನನ್ನ ಉಗುರೆಲ್ಲ ಸವೆದುಹೋಯಿತು.

ಕೋವಿ ಗಿಡ್ಡವಾಗಿಯೇ ಇದ್ದಿದ್ದರೆ ಏನಾಗುತ್ತಿತ್ತು ಇವನಿಗೆ. ಇದು ಗಿಡ್ಡವಾದದ್ದು ನನಗಾಗಿ, ಅಪ್ಪನ ಕಣ್ಣಿಗೆ ಪೊರೆ ಬಂದ ವರ್ಷ, ಎಮ್ಮೆದೊಡ್ಡಿ ಕಾವಲಿನ ಕಡೆಯಿಂದ ಹಂದಿಗಳು ನುಗ್ಗಿ ಕಡಲೆಕಾಯಿ ಹೊಲವನ್ನು ಉತ್ತು ಹಾಕಿಹೋದ ವರ್ಷ, ಚಿಕ್ಕಬೀರ ತರೀಕೆರೆಯ ಹಾಸ್ಟೆಲ್ಲಿನಲ್ಲಿ, ಮನೆಯಲ್ಲಿದ್ದವಳು ನಾನು, ಹದಿನಾರು ನನಗೆ, ಕೋವಿ ಎತ್ತಿದರೆ ಹಿಡಿ ಹೆಗಲಿಗೆ ಕೂರದೆ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಟ್ರಿಗರಿಗೆ ಎಟುಕುವುದಿಲ್ಲ, ಅಪ್ಪ ನನ್ನ ಕೈ ಮಡಿಸಿ ಮೊಣಕೈಯಿಂದ ಬೆರಳಿನವರೆಗೆ ನೂಲು ಹಿಡಿದು ಅಳೆಯುತ್ತಾನೆ, ಅಂಗಳದಲ್ಲಿ ಕೂತು ಗರಗಸ ಎಳೆಯುತ್ತಾನೆ, ಎರಡು ಬೆರಳು ಅಗಲದ ತುಂಡು ಕಳಚಿ ಬೀಳುತ್ತದೆ, ತಗೋ, ಇನ್ನು ಇದು ನಿಂದು. ನಿಂದು ಅಂದ, ಅವ್ವನ ಎದುರಿಗೇ ಅಂದ, ಅವ್ವ ಮರದ ಹಿಟ್ಟನ್ನು ಗುಡಿಸುತ್ತ, ಹೆಣ್ಣಿನ ಅಳತೆಗೆ ಕೋವಿ ಕುಯ್ದ್ರೆ ನಾಳೆ ಇವಳನ್ನ ಯಾರು ಮಾಡ್ಕೋತಾರೆ, ಅವಳಂದಂತೆಯೇ ಆಯಿತು, ಸಿಂಗಟಗೆರೆಯಿಂದ ನೋಡಲು ಬಂದವರು ಉಪ್ಪಿಟ್ಟು ತಿಂದು, ಕೋವಿ ಯಾರ್ದು ಗೌಡ್ರೇ ಎಂದರು, ಅಪ್ಪ ಎದೆಯುಬ್ಬಿಸಿ, ನಮ್ಮ ಹುಡುಗೀದು ಕಣ್ರೀ, ಅಷ್ಟೇ, ಕೈ ತೊಳೆದು ಎದ್ದುಹೋದರು. ಪುಣ್ಯಾತ್ಮ, ಸುಳ್ಳು ಹೇಳಬೇಕಾದಲ್ಲಿ ನಿಜ ಹೇಳಿದ, ನಿಜ ಹೇಳಬೇಕಾದಲ್ಲಿ ಸುಳ್ಳು ಹೇಳಿದ, ಫಾರೆಸ್ಟ್ ಕಚೇರಿಯಿಂದ ಬಂದವರು ಹಂದಿ ಹೊಡೆದೋರು ಯಾರು ಅಂದಾಗ ನಾನೇ ಸ್ವಾಮಿ ಅಂದ, ಎದುರಿಗೆ ನಿಂತವರ ಮುಖ ಕಾಣದ ಕಣ್ಣಿಟ್ಟುಕೊಂಡು, ಲೈಸೆನ್ಸು ಅವನ ಹೆಸರಲ್ಲಿ ತಾನೇ, ಹಾಗಾಗಿ ನಾನು ಹೊಡೆದ ಒಂದು ಹಂದಿಯೂ ನಾನು ಹೊಡೆದದ್ದಲ್ಲ. ಅವನು ಹೋದ ಮೇಲೆ, ಗಂಡುಮಗ ಇದಾನಲ್ಲ, ಲೈಸೆನ್ಸು ಅವನ ಹೆಸರಿಗೇ ಮಾಡಿಸಿ ಅಂದರು ಊರವರು, ಮಾಡಿಸಿದರು, ನಾನು ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ.

ಆ ತುಂಡು ಇಷ್ಟು ವರ್ಷ ನನ್ನ ಟ್ರಂಕಿನಲ್ಲಿತ್ತು, ಸೀರೆಗಳ ಕೆಳಗೆ, ನುಸಿ ಗುಳಿಗೆಯ ಜೊತೆ. ಮಕ್ಕಳ ಕೋವಿ ಥರ ಕಾಣ್ತದಕ್ಕ, ನೋಡ್ದೋರು ನಗ್ತಾರೆ, ಅಪ್ಪ ಕುಯ್ದಿದ್ದ ತುಂಡು ನಿನ್ನತ್ರ ಐತಲ್ಲ, ಕೊಡು, ಅಜ್ಜಂಪುರದ ಆಚಾರಿ ಕೂಡಿಸ್ಕೊಡ್ತಾನೆ. ಕೊಟ್ಟೆ. ಕೊಡದೆ ಎಲ್ಲಿಗೆ ಹೋಗಲಿ. ಈಗ ಅದನ್ನೇ ಕಾಣದಂತೆ ಮಾಡು ಎಂದು ನನ್ನ ಕೈಗೇ ಕೊಟ್ಟಿದ್ದಾನೆ, ನಾನೂ ಉಜ್ಜುತ್ತಿದ್ದೇನೆ, ಕೈ ಸುಡುತ್ತಿದೆ, ಟ್ರಂಕಿನೊಳಗೆ ಒಣಗಿ ಬೆಳ್ಳಗಾದ ತುಂಡು ಗಟಗಟ ಎಣ್ಣೆ ಕುಡಿಯುತ್ತದೆ, ಕಪ್ಪಾಗುತ್ತದೆ, ಬಣ್ಣ ಕೂಡುತ್ತಿದೆ, ಕೂಡಿಯೇ ಬಿಟ್ಟಿತು, ಈ ಹಾಳು ಕೈಗೆ ಕೆಲಸ ಕೆಡಿಸಲೂ ಬರುವುದಿಲ್ಲ. ಆಯ್ತೇನಕ್ಕ, ಬಂದ, ತಿರುಗಿಸಿ ನೋಡಿದ, ಹೆಬ್ಬೆರಳಾಡಿಸಿದ, ಗೊತ್ತೇ ಆಗಲ್ಲ ಬಿಡು, ಶಿಳ್ಳೆ ಹಾಕಿಕೊಂಡು ಒಳಗೆ ಹೋದ. ಅವನು ಅತ್ತ ಹೋದದ್ದೇ ಎತ್ತಿದೆ, ನಳಿಗೆಯಿಲ್ಲದ ಕೋವಿಯನ್ನೇ ಎತ್ತಿದೆ, ಹಿಡಿ ಕಂಕುಳಿಗೆ ಸಿಕ್ಕಿಕೊಂಡಿತು, ಬೆರಳು ಟ್ರಿಗರಿಗೆ ಎಟುಕಲಿಲ್ಲ. ಇಳಿಸಿ ತೊಡೆಯ ಮೇಲಿಟ್ಟುಕೊಂಡೆ, ಬಿಸಿಲು ಓರೆಯಾಗಿ ಬಿದ್ದಿದೆ, ಈಗ ಕಾಣುತ್ತದೆ, ಮರದೊಳಗಿನ ಓರೆ ಎಳೆಗಳು, ಈ ಕಡೆಯಿಂದ ಇಳಿದುಬಂದ ಎಳೆ ಆ ಕಡೆಯ ಎಳೆಗೆ ತಾಗುವುದಿಲ್ಲ, ಕೂದಲಷ್ಟು ಪಕ್ಕಕ್ಕೆ, ಎಲ್ಲವೂ ಕೂದಲಷ್ಟು ಪಕ್ಕಕ್ಕೆ, ಆಚಾರಿಯ ತಪ್ಪಲ್ಲ, ಗರಗಸದ ಹಲ್ಲು ತಿಂದಷ್ಟು ಮರ ಎಲ್ಲಿಂದ ಬರಬೇಕು, ಅದು ಹಿಟ್ಟಾಗಿ ಅಂಗಳಕ್ಕೆ ಬಿತ್ತು, ಅವ್ವ ಗುಡಿಸಿ ತಿಪ್ಪೆಗೆ ಹಾಕಿದಳು — ಇನ್ನೊಂದು ತೊಟ್ಟು, ಉಜ್ಜು, ಒರೆಸು, ಈ ಕಡೆಯ ಎಳೆ, ಆ ಕಡೆಯ ಎಳೆ, ನಡುವೆ ಗರಗಸ ತಿಂದಷ್ಟು, ಇನ್ನೊಂದು ತೊಟ್ಟು, ಗರಗಸ ತಿಂದಷ್ಟು