ಮೂರನೇ ಸಿಲಿಂಡರಿನ ನಾಜಲ್

ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಳ್ಳುತ್ತ ಯಶವಂತ ಗುಂಪಿನ ಹಿಂದಕ್ಕೆ ಸರಿಯುತ್ತಿದ್ದ. ಶಹಾಬಜಾರದ ಮಸೀದಿಯ ಅಂಗಳದಲ್ಲಿ ಕಪನೂರದಲ್ಲಿ ಗ್ಯಾರೇಜ್ ಇಟ್ಟಿದ್ದ ಬುರ್ಹಾನುದ್ದೀನ್ ಮೇಸ್ತ್ರಿಯ ಶವ ಹೊತ್ತ ಜನಾಜಾ ಇಳಿಸಿದ್ದರು. ಕಪನೂರದ ಮೆಕ್ಯಾನಿಕ್‌ಗಳು, ಕಮಲಾಪುರದ ಡ್ರೈವರುಗಳು ನೆರೆದಿದ್ದರು.

"ಗಾಡಿ ಗೇಟಿಗೆ ಬರೂದ್ರಾಗ ಯಾವ ಸಿಲಿಂಡರ್ ಸತ್ತದ ಅಂತ ಹೇಳ್ತಿದ್ದ," ಎಂದ ಪಕ್ಕದಲ್ಲಿದ್ದ ಲಾರಿ ಡ್ರೈವರ್ ಗುರುಲಿಂಗಪ್ಪ. "ನಮ್ಮನಿಯಾಕಿ ಸಿಟ್ಟು ಯಾಕಂತ ಕೇಳಿದ್ರ ಮಾತ್ರ, ಆ ಇಂಜಿನ್ ನಾ ಬಿಚ್ಚಂಗಿಲ್ಲಪಾ ಅಂದಿದ್ದ."

ಯಶವಂತನಿಗೆ ನಗು ಬರಲಿಲ್ಲ.

*

ಹೋದ ಶ್ರಾವಣದಲ್ಲಿ ಕಮಲಾಪುರದ ಕೆಂಪು ಬಾಳೆ ತರುವ ಯಶವಂತನ ಪಿಕಪ್ ಏರಿನಲ್ಲಿ ಜರ್ಕ್ ಹೊಡೆದು, ಇಂಜಿನ್ ನಡುನಡುವೆ ತಪ್ಪಿ ಮಿಸ್ಸಿಂಗ್ ಆಗತೊಡಗಿತ್ತು. ಮೇಸ್ತ್ರಿ ಕಿವಿಗೊಟ್ಟು ಕೇಳಿ, ಮೂರನೇ ಸಿಲಿಂಡರ್ ಉರಿಯುತ್ತಿಲ್ಲ ಎಂದ. ದೋಷ ಸಿಲಿಂಡರಿನದೋ, ಡೀಸೆಲ್ ಚಿಮ್ಮಿಸುವ ನಾಜಲಿನದೋ? ಮೂರರ ನಾಜಲನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಕೂಡಿಸಿ ನೋಡಬೇಕು. ಮಿಸ್ಸಿಂಗ್ ಒಂದನೇ ಸಿಲಿಂಡರಿಗೆ ಹೋದರೆ ಕೆಟ್ಟದ್ದು ನಾಜಲ್.

ಇದನ್ನು ತಿಳಿಸದೆಯೇ ಮೇಸ್ತ್ರಿ ಬಿಚ್ಚಿದ್ದ; ಚಹಾ ಕುಡಿದು ಬಂದ ಯಶವಂತನ ಕಣ್ಣಿಗೆ ಬಿದ್ದದ್ದು ಆ ಅದಲು ಬದಲು. ಒಳ್ಳೆಯದನ್ನು ತೆಗೆದು ಕೆಟ್ಟದ್ದು ಹಾಕುತ್ತಿದ್ದಾನೆಂದು ಹತ್ತು ಜನರೆದುರು ಕಳ್ಳ ಎಂದ. ಮುದುಕ ಮೇಸ್ತ್ರಿ ಎಲ್ಲ ಮೊದಲಿದ್ದಂತೆ ಜೋಡಿಸಿ ಬಾನೆಟ್ ಮುಚ್ಚಿದ. ಯಶವಂತ ಆ ಮಾತನ್ನು ಕಮಲಾಪುರದ ತುಂಬ ಹೇಳಿಕೊಂಡು ತಿರುಗಿದ. ಅಲ್ಲಿಯ ಗಾಡಿಗಳು ಮೇಸ್ತ್ರಿಯ ಕಡೆ ಬರುವುದು ನಿಂತಿತು.

ತಿಂಗಳೊಪ್ಪತ್ತಿಗೆ ಹುಮನಾಬಾದಿನ ಮೆಕ್ಯಾನಿಕ್ ಅದೇ ಅದಲು ಬದಲು ಮಾಡಿ, ಯಾಕೆಂದು ತಿಳಿಸಿ, ನಾಜಲ್ ಬದಲಿಸಿದ. ಗಾಡಿ ಸರಿಯಾಯಿತು. ಅಂದಿನಿಂದ ಯಶವಂತ ಕಪನೂರ ದಾಟುವಾಗೆಲ್ಲ ಇಳಿದು ಮೇಸ್ತ್ರಿಯನ್ನು ಕಾಣಬೇಕೆಂದುಕೊಳ್ಳುತ್ತಿದ್ದ. ಕಾಲು ಬ್ರೇಕಿನ ಮೇಲೆ ಹೋಗುತ್ತಿರಲಿಲ್ಲ.

*

ಸತ್ತವರ ಪರವಾಗಿ ಮನೆಯವರು ಮಾಫಿ ಕೇಳುವುದು ವಾಡಿಕೆ. ನಮಾಜಿಗೆ ಮೊದಲು ಮೇಸ್ತ್ರಿಯ ಮಗ ತಾರಿಖ್ ಎಲ್ಲರಿಗೂ ಕೈಮುಗಿದ. ಆಮೇಲೆ ಗುಂಪನ್ನು ಸರಿಸಿಕೊಂಡು ನೇರ ಯಶವಂತನ ಮುಂದೆ ಬಂದು ನಿಂತ.

"ಅಣ್ಣಾ, ಅಬ್ಬಾ ದವಾಖಾನ್ಯಾಗ ನಿಮ್ಮ ಹೆಸರು ತಗೊಂಡ್ರು. ಗಿರಾಕಿಗಿ ಕೇಳ್ದೆ ನಾಜಲ್ ಬಿಚ್ಚಿದ್ದು ನಂದೇ ತಪ್ಪು ಅಂದ್ರು. ಮಾಫ್ ಮಾಡೀನಿ ಅಂತ ಒಂದು ಮಾತು ಹೇಳ್ರಿ."

ಗುರುಲಿಂಗಪ್ಪ ಇತ್ತ ತಿರುಗಿದ. ಕಮಲಾಪುರದವರೂ ನೋಡುತ್ತಿದ್ದರು. ತಪ್ಪು ನಂದು ಎನ್ನಬೇಕೆಂದು ಯಶವಂತ ಬಾಯಿ ತೆರೆದ.

"ಮಾಫ್ ಮಾಡೀನಿ, ತಮ್ಮಾ," ಎಂದ.

ತಾರಿಖ್ ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡ.

ನಮಾಜು ಮುಗಿದು ಜನಾಜಾ ಎದ್ದಾಗ, ತಾರಿಖ್ ಮುಂದೆ ಹೆಗಲು ಕೊಡುವ ತನ್ನ ಜಾಗವನ್ನೇ ಅವನಿಗೆ ಬಿಟ್ಟುಕೊಟ್ಟ. ಗಲ್ಲಿಯ ತಿರುವಿನಲ್ಲಿ ಹಿಂದಿನವರು ಮೆಲ್ಲಗೆ ಹೇಳಿದರು: "ಹೆಗಲು ಮ್ಯಾಲ ಮಾಡ್ರಿ ಅಣ್ಣಾ, ನಿಮ್ಮ ಕಡಿಗೇ ವಾಲಾಕತ್ತದ."

ಯಶವಂತನ ಬೆನ್ನು ನೆಟ್ಟಗಾಗಲಿಲ್ಲ.